ನಾಲ್ಕಾಣೆ ಅಗಲದ ಕಿಟಕಿ

ಜಾಗಕ್ಕಿಂತ ಮೊದಲು ಸಿಕ್ಕಿದ್ದು ವಾಸನೆ. ಕೊಟ್ಟೂರಿನ ತೇರು ಬಯಲು ದಾಟಿ ಊರ ಹೊರಗಿನ ರಸ್ತೆಗೆ ಬಿದ್ದಿದ್ದೆ. ‘ಬೇವಿನ ಮರ ಐತಿ, ತಗಡಿನ ಶೆಡ್ ಐತಿ, ಮುಂದ ಕುರ್ಚಿ ಒಟ್ಟಿರ್ತಾವ, ಬರ್ರಿ’ ಎಂದು ಫೋನಿನಲ್ಲಿ ಗುರುತು ಹೇಳಿದ್ದರು. ಬೇವಿನ ಮರವೂ ತಗಡಿನ ಶೆಡ್ಡೂ ಇಲ್ಲದ ರಸ್ತೆ ಈ ಸೀಮೆಯಲ್ಲಿ ಯಾವುದಿದೆ? ಎರಡು ಶೆಡ್ ತಪ್ಪಿ ಹೊಕ್ಕೆ. ಒಂದರಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಹರವಿದ್ದರು, ಇನ್ನೊಂದರಲ್ಲಿ ಶೇಂಗಾ ಚೀಲಗಳಿದ್ದವು. ಮೂರನೆಯದರ ಹತ್ತಿರ ಬರುವಾಗ, ಸೂಜಿ ಚುಚ್ಚುವ ಮುಂಚೆ ದಾದಿ ತೋಳಿಗೆ ಒರೆಸುತ್ತಾಳಲ್ಲ, ಆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಂತು. ಸುತ್ತ ಆಸ್ಪತ್ರೆ ಇರಲಿಲ್ಲ. ಹಾಗಾದರೆ ಇದೇ.

ನನ್ನ ಕೈಚೀಲದಲ್ಲಿ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆ ಇತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ, ಕಿಟಕಿ ಸರಳಿಗೆ ಹೊಡೆದು ಉಳಿದ ಆಕಾಶನೀಲಿ ಎನಾಮಲ್ ಬಣ್ಣವನ್ನು ಅದಕ್ಕೆ ಬಳಿದವನು ನಾನೇ. ಅಜ್ಜಿ ಏನೂ ಅನ್ನಲಿಲ್ಲ. ಒಂದು ತಿಂಗಳು ಎಲೆಯಡಿಕೆಯನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡಳು, ಅಷ್ಟೇ. ಆ ನೀಲಿಯನ್ನು ಕೆರೆಸಿ ಹಾಕಬಹುದೇ ಎಂದು ಕೇಳುವುದು ಈ ಭೇಟಿಗೆ ನನ್ನ ನೆಪ. ಹಳೆ ಸಾಮಾನಿಗೆ ಪಾಲಿಶ್ ಹಿಡಿಸುವವರ ಕೈ ಹೇಗೆ ಆಡುತ್ತದೆ ಎಂದು ಹತ್ತಿರದಿಂದ ನೋಡುವುದು ಒಳಗಿನ ಆಸೆ.

ಅಂಗಳದಲ್ಲಿ ಕುರ್ಚಿಗಳು ಕಾಲು ಮೇಲೆ ಮಾಡಿಕೊಂಡು ಒಂದರ ಮೇಲೊಂದು ಬಿದ್ದಿದ್ದವು. ಬೆತ್ತ ಹರಿದ ಆರಾಮ ಕುರ್ಚಿ, ಬಾಗಿಲು ಕಳಚಿದ ಗಾಡ್ರೇಜ್ ಮಾದರಿಯ ಮರದ ಬೀರು, ಮಂಚದ ತಲೆಹಲಗೆ ಮಾತ್ರ, ಮಂಚ ಎಲ್ಲೋ. ಪ್ರತಿಯೊಂದಕ್ಕೂ ಸುತಳಿಯಲ್ಲಿ ಕಟ್ಟಿದ ರಟ್ಟಿನ ಚೀಟಿ. ಅದರಲ್ಲಿ ಹೆಸರಿಲ್ಲ, ಊರಿದೆ: ಕೂಡ್ಲಿಗಿ, ಹಡಗಲಿ, ಹ.ಬೊ.ಹಳ್ಳಿ, ಹರಪನಹಳ್ಳಿ. ಕೊಟ್ಟೂರಿನವುಗಳಿಗೆ ಚೀಟಿಯೇ ಇಲ್ಲ. ‘ಊರಾಗಿನವ್ರು ದಿನಾ ಬಂದು ಮುಟ್ಟಿ ನೋಡ್ಕೊಂಡು ಹೋಗ್ತಾರ. ಅವಕ್ಕ್ಯಾಕ ಚೀಟಿ?’ ಎಂದರು ಮೇಸ್ತ್ರಿ. ಅರವತ್ತರ ಆಸುಪಾಸಿನ ಮನುಷ್ಯ ಇರಬಹುದು, ಕೇಳಲಿಲ್ಲ. ಉಗುರುಗಳು ಮಾತ್ರ ಅಡಿಕೆ ತೊಗರು ಅದ್ದಿದ ಹಾಗೆ ಕಂದು.

ಹರಪನಹಳ್ಳಿ ಚೀಟಿಯ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ಹರಾಜಿನಲ್ಲಿ ಯಾರೋ ಹಿಡಿದ ಸರ್ಕಾರಿ ಕಪಾಟು. ಅದರ ಬೆನ್ನಿನ ಹಲಗೆಯ ಮೇಲೆ, ಅಕ್ಷರ ಕೊರೆದ ತಗಡಿಟ್ಟು ಜಿಲ್ಲೆಯ ಹೆಸರು ಹೊಡೆದಿದ್ದಾರೆ, ಒಂದರ ಮೇಲೊಂದು. ಹಳೆಯ ‘ಬಳ್ಳಾರಿ’ಯ ಮೇಲೆ ಒಂದು ಕೈ ಬಣ್ಣ, ಅದರ ಮೇಲೆ ‘ದಾವಣಗೆರೆ’, ಅದನ್ನೂ ಅಳಿಸಿ ಮತ್ತೆ ‘ಬಳ್ಳಾರಿ’. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸು ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಕಪಾಟು ಕೂತಲ್ಲೇ ಕೂತು ಇಷ್ಟೂ ಕಡೆ ತಿರುಗಾಡಿದೆ. ‘ವಿಜಯನಗರ’ ಮಾತ್ರ ಕಾಣಲಿಲ್ಲ. ಅಷ್ಟರೊಳಗೆ ಹರಾಜಿಗೆ ಬಂದಿರಬೇಕು, ಇಲ್ಲವೇ ಬರೆಯುವವನಿಗೇ ಸಾಕಾಗಿರಬೇಕು.

ಅದರ ಪಕ್ಕದ ಬೆಂಚನ್ನು ಬೋರಲು ಹಾಕಿದ್ದರು. ಅಡಿಯಲ್ಲಿ ಸುಟ್ಟು ಒತ್ತಿದ ಇಂಗ್ಲಿಷ್ ಅಂಕಿಗಳು, ಮುಂದೆ ಅಳಿಸಿಹೋದ ಎರಡು ಅಕ್ಷರ. ‘ಮದ್ರಾಸ್ ಕಾಲದ್ದು’ ಎಂದು ಕೊಟ್ಟವರು ಹೇಳಿದ್ದಾರಂತೆ. ಇರಲೂಬಹುದು. 1953ರ ಅಕ್ಟೋಬರ್ 1ರವರೆಗೆ ಈ ಸೀಮೆಯೆಲ್ಲ ಮದ್ರಾಸಿಗೇ ಸೇರಿತ್ತು. ಆದರೆ ಹಳೆ ಸಾಮಾನಿಗೆ ವಂಶಾವಳಿ ಕಟ್ಟುವುದರಲ್ಲಿ ನಮ್ಮ ಜನ ಭಟ್ಟಂಗಿಗಳಿಗಿಂತ ಮುಂದು. ಮೇಸ್ತ್ರಿಯದೂ ಅದೇ ಅನುಭವ: ‘ಬಂದವ್ರೆಲ್ಲ ಬರ್ಮಾ ತೇಗ ಅಂತಾರ್ರಿ. ಕೆರೆದು ಮೂಸಿದ್ರ ಬೇವು ಇರ್ತೈತಿ.’ ಬೇವು ಇದ್ದರೆ ತಪ್ಪೇನು ಎಂದು ನನ್ನ ಪ್ರಶ್ನೆ. ಮಳೆ ಕಡಿಮೆಯ ಈ ನೆಲದಲ್ಲಿ ಮನೆಗಳ ತೊಲೆ, ಕಂಬ, ಬಾಗಿಲುಗಳಿಗೆ ಹಿಂದಿನವರು ಕೈಗೆ ಸಿಕ್ಕ ಬೇವು, ಜಾಲಿ, ಕಮರವನ್ನೇ ನೆಚ್ಚಿದವರು. ಬೇವಿನ ಕಹಿ ಹುಳಕ್ಕೂ ಬೇಡ. ತೇಗದ ಹೆಸರಿನ ಮುಂದೆ ಅದಕ್ಕೆ ಬೆಲೆ ಇಲ್ಲ, ಅಷ್ಟೇ.

ಗೋಡೆಗೆ ಆನಿಸಿದ್ದ ಒಂಟಿ ಬಾಗಿಲಿನದು ಬೇರೆ ಕಥೆ. ಚೀಟಿಯಲ್ಲಿ ಹ.ಬೊ.ಹಳ್ಳಿ. ಮೇಲಿನ ಹಲಗೆಯಲ್ಲಿ ಎಂಟೆಸಳಿನ ಕಮಲ ಪೂರ್ತಿ ಇದೆ, ಕೆಳಗಿನ ಹಲಗೆಯಲ್ಲಿ ಅರ್ಧ ಕಮಲ. ಚೌಕಟ್ಟಿಗೆ ಹೊಂದಲಿಲ್ಲವೆಂದು ಯಾರೋ ಬಾಗಿಲಿನ ತಳವನ್ನು ಒಂದು ಗೇಣಿನಷ್ಟು ಗರಗಸದಲ್ಲಿ ಕತ್ತರಿಸಿ ಹಾಕಿದ್ದಾರೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ, 1953ರಲ್ಲಿ ನೀರು ನಿಂತಾಗ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ಮತ್ತೆ ಮನೆ ಕಟ್ಟಿಕೊಂಡಿದ್ದು ಆಗಲೇ. ಗೋಡೆಯನ್ನು ಯಾರೂ ಹೊತ್ತು ತರಲಾರರು. ಬಾಗಿಲು, ತೊಲೆ, ಕಂಬ ಗಾಡಿ ಏರಿದವು. ಈ ಬಾಗಿಲೂ ಹಾಗೆ ಏರಿದ್ದಂತೆ. ನಾನು ಪ್ರಮಾಣ ಮಾಡಲಾರೆ. ಆದರೆ ಹಳೆ ಮನೆಯ ಬಾಗಿಲು ಹೊಸ ಮನೆಗೆ ಒಂದು ಗೇಣು ಎತ್ತರವಾಯಿತು ಅನ್ನುವುದಕ್ಕೆ ಅರ್ಧ ಕಮಲವೇ ಸಾಕ್ಷಿ. ಕತ್ತರಿಸಿದ ಕಡೆ ಹೊಸ ಪಟ್ಟಿ ಕೂಡಿಸಿ ಕಮಲ ಪೂರ್ತಿ ಮಾಡಿಕೊಡಿ ಎಂದು ಮನೆಯವರು ಕೇಳಿದ್ದಾರೆ. ಮೇಸ್ತ್ರಿಗೆ ಮನಸ್ಸಿಲ್ಲ. ‘ಅದು ಹಂಗಽ ಇರ್ಲಿ ಅಂದೆ. ನೋಡೋಣ’ ಎಂದು ಮುಂದೆ ನಡೆದರು.

ಬೇವಿನ ಮರದ ಬುಡದಲ್ಲಿ ಬಣ್ಣ ಬಿಡಿಸುವ ಕೆಲಸ. ಇಲ್ಲಿಗೆ ಬರುವ ಹೆಚ್ಚಿನ ಸಾಮಾನಿನ ಕಾಯಿಲೆ ಒಂದೇ, ಎಣ್ಣೆ ಬಣ್ಣ. ಮದುವೆಗೊಂದು ಕೈ, ದೀಪಾವಳಿಗೊಂದು ಕೈ, ಜಾತ್ರೆಗೆ ಬೀಗರು ಬರುತ್ತಾರೆಂದು ಇನ್ನೊಂದು ಕೈ. ಬಣ್ಣ ಹೊಡೆಸುವುದು ಮನೆಯ ಮರ್ಯಾದೆ, ಕೆರೆಸುವುದು ದಂಡ. ಹಾಗಾಗಿ ಮೇಲೆ ಮೇಲೆ ಕೂಡುತ್ತಲೇ ಹೋಗುತ್ತದೆ.

ಕೆರೆಯುವ ಮುಂಚೆ ಮೇಸ್ತ್ರಿ ಜೇಬಿನಿಂದ ಒಂದು ನಾಣ್ಯ ತೆಗೆದರು. ನಾಲ್ಕಾಣೆ. 2011ರ ಜೂನ್ 30ಕ್ಕೆ ಚಲಾವಣೆ ಮುಗಿಸಿದ 25 ಪೈಸೆ. ಅಂಗಡಿಯಲ್ಲಿ ಬೆಲೆ ಕಳೆದುಕೊಂಡ ಮೇಲೆ ಇಲ್ಲಿ ಅದಕ್ಕೆ ಉದ್ಯೋಗ ಸಿಕ್ಕಿದೆ. ಬಾಗಿಲಿನ ಬಿಜಾಗರದ ಹತ್ತಿರ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ನಾಣ್ಯ ಇಟ್ಟು ಪೆನ್ಸಿಲಿನಿಂದ ಸುತ್ತು ಗೀಚಿದರು. ಆ ಸುತ್ತಿನೊಳಗೆ ಮಾತ್ರ ಅಂಚು ಚೂಪಾದ ಪಟ್ಟಿಯಿಂದ ಮೆಲ್ಲಗೆ ಕೆರೆಯುತ್ತ ಹೋದರು. ಪೂರ್ತಿ ಒಂದೇ ಸಲ ಅಲ್ಲ. ಒಂದು ಪದರ ಹೋದಮೇಲೆ ಸ್ವಲ್ಪ ಒಳಸರಿದು ಇನ್ನೊಂದು, ಮತ್ತೆ ಒಳಸರಿದು ಮತ್ತೊಂದು. ಐದು ನಿಮಿಷದಲ್ಲಿ ಬಳೆಯೊಳಗೆ ಬಳೆ ಇಟ್ಟ ಹಾಗೆ ಬಣ್ಣದ ಉಂಗುರಗಳು ಮೂಡಿದವು: ಹೊರಗೆ ಕಂದು, ಆಮೇಲೆ ಪಾಚಿ ಹಸಿರು, ಆಮೇಲೆ ನೀಲಿ, ಅದರೊಳಗೆ ಕಾವಿ, ನಡುವೆ ಹೆಸರುಕಾಳಿನಷ್ಟು ಮರ. ‘ಇದು ಕಿಟಕಿ ರೀ. ಕಿಟಕಿ ತೆಗೆದು ಇಣುಕದಽ ಯಾವ ಸಾಮಾನಿಗೂ ಕೈ ಹಚ್ಚಂಗಿಲ್ಲ.’

ಕಿಟಕಿ ತೆಗೆದ ಮೇಲೆ ಹತ್ತಿಯ ಪರೀಕ್ಷೆ. ಮರದ ಮೇಲೆ ಇರುವುದು ಎಂಥ ಪಾಲಿಶ್ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿ ಒತ್ತಿ ಹಿಡಿದಾಗ ಅಂಟಂಟಾಗಿ ಕರಗಿದರೆ ಅರಗಿನ ಪಾಲಿಶ್. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಈಚಿನ ಮೆಲಮೈನ್ ಅಥವಾ ಪಿಯು, ಅದನ್ನು ಉಜ್ಜಿಯೇ ತೆಗೆಯಬೇಕು. ಮೂರು ಸಾಲಿನ ವಿದ್ಯೆ. ನಾನು ಬರೆದುಕೊಳ್ಳುವುದನ್ನು ನೋಡಿ ಮೇಸ್ತ್ರಿ ನಕ್ಕರು, ಇದಕ್ಕೂ ಪುಸ್ತಕ ಬೇಕೇ ಎಂಬಂತೆ.

ಬಣ್ಣ ಬಿಡಿಸಲು ಕಾಸ್ಟಿಕ್ ಸೋಡಾ ಬಳಿಯುವವರು ಈಗಲೂ ಇದ್ದಾರೆ. ಬೇಗ ಆಗುತ್ತದೆ, ಅಗ್ಗ. ಆದರೆ ತೇಗಕ್ಕೆ ಅದು ತಾಗಿದರೆ ಕಪ್ಪಿಡುತ್ತದೆ, ಸರಿಯಾಗಿ ತೊಳೆಯದಿದ್ದರೆ ಆಮೇಲೆ ಹಚ್ಚಿದ ಪಾಲಿಶ್ ಹಿಡಿಯುವುದಿಲ್ಲ. ಇಲ್ಲಿ ಬಿಸಿಗಾಳಿಯ ಗನ್ ಹಿಡಿದು ಬಣ್ಣವನ್ನು ಹಪ್ಪಳದ ಹಾಗೆ ಉಬ್ಬಿಸಿ ಎತ್ತುತ್ತಿದ್ದರು. ನೋಡಲು ಚೆಂದ. ಹೊಗೆ ಮಾತ್ರ ಚೆಂದದ್ದಲ್ಲ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಆ ಬಾಗಿಲಿನ ನೀಲಿ, ಹಸಿರು ಅದಕ್ಕೆಷ್ಟೋ ಹಿಂದಿನವು. ಅವುಗಳಲ್ಲಿ ಎಷ್ಟು ಸೀಸವಿತ್ತೆಂದು ಅಳೆದವರಾರು? ಗನ್ ಹಿಡಿದ ಹುಡುಗ ಮೂಗಿಗೆ ಟವೆಲ್ ಸುತ್ತಿಕೊಂಡಿದ್ದ. ಟವೆಲ್ ಸೀಸವನ್ನು ತಡೆಯುವುದಿಲ್ಲ ಅಂದೆ. ‘ಗಾಳಿ ಬರೋ ಕಡೆ ಬೆನ್ನು ಮಾಡಿ ಕೂಡ್ತೀನ್ರಿ’ ಅಂದ. ಅದೇ ಅವನ ರಕ್ಷಣೆ, ಬೇವಿನ ಮರದಡಿ ಕೂರುವುದಕ್ಕೂ ಅದೇ ಕಾರಣ.

ಶೆಡ್ಡಿನ ಬಾಯಿಯಲ್ಲೇ ರಿಪೇರಿ ಮೂಲೆ. ಬಡಿಗ ಒಬ್ಬರು ಕುರ್ಚಿಯ ಕಾಲನ್ನು ಕಳಚಲು ಕುದಿನೀರು ಹನಿಸುತ್ತಿದ್ದರು. ಹಳೆ ಕುರ್ಚಿಗಳನ್ನು ಅಂಟಿಸಿದ್ದು ಸರೇಸಿನಿಂದ. ದನದ ಚರ್ಮ, ಮೂಳೆ ಕುದಿಸಿ ಇಳಿಸಿದ ಗೋಂದು ಅದು. ಬಿಸಿನೀರು ತಾಗಿದರೆ ಮೆತ್ತಗಾಗಿ ಕೀಲು ಬಿಡುತ್ತದೆ. ಈಗಿನ ಬಿಳಿ ಗೋಂದು ಹಾಗಲ್ಲ, ಮರ ಸೀಳುತ್ತದೆಯೇ ಹೊರತು ಗೋಂದು ಬಿಡುವುದಿಲ್ಲ. ಗಟ್ಟಿ ಅಂದರೆ ಗಟ್ಟಿಯೇ. ಆದರೆ ರಿಪೇರಿಗೆ ಬಾಗಿಲು ತೆರೆದಿಟ್ಟದ್ದು ಸರೇಸು.

ಒಳಗೆ ಉಜ್ಜುವ ಜಾಗ. ಇಲ್ಲಿ ಮಾತು ಕಡಿಮೆ. ಇಬ್ಬರು ಹೆಣ್ಣುಮಕ್ಕಳು ಒಂದು ಊಟದ ಮೇಜಿನ ಎರಡು ತುದಿಗೆ ಕೂತು ಉಪ್ಪು ಕಾಗದ ಹಾಕುತ್ತಿದ್ದರು. ಎಂಬತ್ತರ ಕಾಗದದಿಂದ ಶುರು, ನೂರಿಪ್ಪತ್ತು, ನೂರೆಂಬತ್ತು, ಇನ್ನೂರಿಪ್ಪತ್ತು, ಕೊನೆಗೆ ಮುನ್ನೂರಿಪ್ಪತ್ತು. ಅಂಕಿ ಏರಿದಷ್ಟೂ ಕಾಗದದ ಹರಳು ನುಣುಪು. ನಡುವಿನದನ್ನು ಹಾರಿಸಿದರೆ ಮೊದಲಿನ ಕಾಗದದ ಗೀರು ಉಳಿದುಬಿಡುತ್ತದೆ, ಪಾಲಿಶ್ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಎಳೆಯ ಜೊತೆಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಬೆಕ್ಕು ಪರಚಿದ ಹಾಗೆ.

ನುಣುಪಾಯಿತೆಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿದೆ. ಹಿರಿಯಾಕೆ ಸೊಂಟದಿಂದ ಒಂದು ಹಳೆಯ ನೈಲಾನ್ ಸೀರೆಯ ತುಂಡು ತೆಗೆದು ಮೇಜಿನ ಮೇಲೆ ಹಗುರವಾಗಿ ಎಳೆದಳು. ಅದು ಜಾರಿ ಹೋಗುತ್ತಾ ಒಂದು ಕಡೆ ಮಾತ್ರ ಸಣ್ಣಗೆ ಸಿಕ್ಕಿಕೊಂಡಿತು. ಅಲ್ಲಿ ನನ್ನ ಬೆರಳಾಡಿಸಿದೆ, ಏನೂ ತಿಳಿಯಲಿಲ್ಲ. ಅವಳು ಅಲ್ಲೇ ಮತ್ತೆ ನಾಲ್ಕು ಸಲ ಕಾಗದ ಆಡಿಸಿದಳು, ಸೀರೆ ಎಳೆದಳು, ಜಾರಿತು. ಆಮೇಲೆ ಒದ್ದೆ ಬಟ್ಟೆಯಿಂದ ಮೇಜನ್ನೆಲ್ಲ ಒಮ್ಮೆ ಒರೆಸಿ ಒಣಗಲು ಬಿಟ್ಟಳು. ನೀರು ತಾಗಿದರೆ ಮಲಗಿದ್ದ ನಾರು ಏಳುತ್ತದೆ. ಎದ್ದ ಮೇಲೆ ಇನ್ನೊಂದು ಸಲ ಉಜ್ಜಿ ಹಾಕಿದರೆ ಪಾಲಿಶ್ ಹಚ್ಚುವಾಗ ಏಳುವುದಿಲ್ಲ. ಮೋಸಗಾರನನ್ನು ಮೊದಲೇ ಮೋಸ ಮಾಡಿಸಿ ಹಿಡಿಯುವ ಉಪಾಯ.

ಅವರ ಹುಬ್ಬು, ರೆಪ್ಪೆಗಳ ಮೇಲೆ ಗೋಧಿ ಹಿಟ್ಟಿನಂಥ ಧೂಳು. ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಜಗತ್ತಿನ ತಜ್ಞರು 1995ರಲ್ಲೇ ಸೇರಿಸಿದ್ದಾರೆ. ಮೂಗಿನ ಒಳಭಾಗಕ್ಕೆ ಬರುವ ಕ್ಯಾನ್ಸರಿಗೂ ಈ ಧೂಳಿಗೂ ನಂಟು ಗಟ್ಟಿ. ಮಾಸ್ಕ್ ಮೊಳೆಗೆ ನೇತು ಹಾಕಿದ್ದರು. ‘ಹಾಕ್ಕೊಂಡ್ರ ಸೆಕೆ’ ಎಂದಳು ಕಿರಿಯಾಕೆ. ತಗಡಿನ ಕೆಳಗೆ ಏಪ್ರಿಲ್ ಹಗಲು ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಈ ಮಾತಿನ ಎದುರು ಉಪದೇಶ ಹೇಳಲು ಬಾಯಿ ಬರುವುದಿಲ್ಲ. ನನಗೂ ಬರಲಿಲ್ಲ.

ಮುಂದಿನ ಕಟ್ಟೆಯ ಮೇಲೆ ತೂತು ತುಂಬುವ, ಬಣ್ಣ ಕೂಡಿಸುವ ಡಬ್ಬಿಗಳು. ಚಾಕ್ ಪುಡಿ, ಕಾವಿ, ಹಳದಿ ಮಣ್ಣು, ದೀಪದ ಮಸಿಯಂಥ ಕರಿ ಪುಡಿ. ಇವನ್ನು ಕಲಸಿ ಲಪ್ಪ ಮಾಡಿ ಮರದ ರಂಧ್ರಗಳಿಗೆ ಅಡ್ಡಡ್ಡ ತುಂಬುತ್ತಾರೆ. ಉಜ್ಜುವುದು ಎಳೆಯ ಜೊತೆಗೆ, ತುಂಬುವುದು ಎಳೆಗೆ ಅಡ್ಡ. ಇಲ್ಲಿ ನಿಜವಾದ ಜಗಳ ಬಣ್ಣದ್ದು. ಬರುವವರಲ್ಲಿ ಹತ್ತಕ್ಕೆ ಎಂಟು ಮಂದಿಗೆ ಬೀಟೆಯ ಬಣ್ಣವೇ ಬೇಕಂತೆ. ಹೊನ್ನೆಗೂ ಬೀಟೆ ಬಣ್ಣ, ಬೇವಿಗೂ ಬೀಟೆ ಬಣ್ಣ. ಹೊನ್ನೆಗೆ ತನ್ನದೇ ಹೊಂಬಣ್ಣ ಇರುವಾಗ ಅದಕ್ಕೆ ಕಪ್ಪು ಕನ್ನಡಕ ಹಾಕುವುದು ಯಾವ ನ್ಯಾಯ? ‘ದುಡ್ಡು ಕೊಡೋರ ನ್ಯಾಯ’ ಎಂದರು ಮೇಸ್ತ್ರಿ. ವಾದ ಅಲ್ಲಿಗೆ ಮುಗಿಯಿತು.

ಆಮೇಲೆ ಒಂದು ಸಣ್ಣ ಬಾಗಿಲು. ಚಪ್ಪಲಿ ಹೊರಗೆ ಬಿಡಿ ಅಂದರು, ಜೋರಾಗಿ ನಡೆಯಬೇಡಿ ಅಂದರು. ಗರ್ಭಗುಡಿಗೆ ಕರೆದೊಯ್ಯುತ್ತಿದ್ದಾರೋ ಎನಿಸಿತು. ಕಾರಣ ಧೂಳು. ಒಳಗೆ ನೆಲಕ್ಕೆ ನೀರು ಚಿಮುಕಿಸಿದ್ದರು. ಕಿಟಕಿ ಮುಚ್ಚಿತ್ತು, ಫ್ಯಾನ್ ಇದ್ದರೂ ತಿರುಗುತ್ತಿರಲಿಲ್ಲ. ಈ ಸೀಮೆಯಲ್ಲಿ ಪಾಲಿಶಿಗೆ ವೈರಿ ಮಳೆಯಲ್ಲ, ಆಷಾಢದ ಗಾಳಿ. ಮಳೆಗಾಲದ ನಾಲ್ಕು ದಿನ ತೇವ ಹೆಚ್ಚಾದರೆ ಪಾಲಿಶ್ ಬೂದಿ ಹಿಡಿದಂತೆ ಬಿಳಿಚಿಕೊಳ್ಳುತ್ತದೆ, ಆಗ ಕೆಲಸ ನಿಲ್ಲಿಸಿದರಾಯಿತು. ಗಾಳಿ ಎರಡು ತಿಂಗಳು ಬೀಸುತ್ತದೆ, ಎರಡು ತಿಂಗಳು ಅಂಗಡಿ ಮುಚ್ಚಲಾಗುತ್ತದೆಯೇ?

ಕೈ ಪಾಲಿಶ್ ನಡೆಯುವುದು ಇಲ್ಲಿ, ಬೆಳಗಿನ ಹತ್ತು ಗಂಟೆಯೊಳಗೆ. ಬಿಸಿಲೇರಿದರೆ ಸ್ಪಿರಿಟ್ ಹಾರಿಹೋಗಿ ಕೈ ಎಳೆಯಲು ಬಿಡುವುದಿಲ್ಲ. ಗಾಜಿನ ಭರಣಿಯಲ್ಲಿ ಜೇನಿನ ಬಣ್ಣದ ದ್ರವ. ಪಕ್ಕದ ತಟ್ಟೆಯಲ್ಲಿ ತೆಳ್ಳನೆಯ ಕಿತ್ತಳೆ ಚೂರುಗಳು, ಒಡೆದ ಗಾಜಿನ ಬಳೆಯಂತೆ. ಚಪಡಾ ಅನ್ನುತ್ತಾರೆ, ಅರಗನ್ನು ಕರಗಿಸಿ ಹಾಳೆ ಮಾಡಿ ಮುರಿದದ್ದು. ಲೀಟರ್ ಸ್ಪಿರಿಟ್ಟಿಗೆ ಇನ್ನೂರು ಗ್ರಾಂನಷ್ಟು ಹಾಕಿ ರಾತ್ರಿಯಿಡೀ ನೆನೆಯಿಟ್ಟರೆ ಬೆಳಿಗ್ಗೆ ಪಾಲಿಶ್ ಸಿದ್ಧ. ಆರು ತಿಂಗಳು ಮೀರಿದ್ದನ್ನು ನಂಬಬಾರದು, ಹಚ್ಚಿದರೆ ಒಣಗದೆ ಅಂಟುತ್ತಲೇ ಇರುತ್ತದೆ.

ಅರಗು ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಪಾಂಡವರನ್ನು ಸುಡಲು ಕಟ್ಟಿಸಿದ ಮನೆ. ಅದೇ ಅರಗು. ಮುತ್ತುಗ, ಬೋರೆ, ಸಾಗಡೆ ಮರಗಳ ಕೊಂಬೆಗೆ ಅಂಟಿಕೊಂಡು ಬದುಕುವ ಒಂದು ಸಣ್ಣ ಹುಳು ತನ್ನ ಮೈಮೇಲೆ ತಾನೇ ಕಟ್ಟಿಕೊಳ್ಳುವ ಚಿಪ್ಪು. ಒಂದು ಕಿಲೋ ಅರಗಿಗೆ ಸುಮಾರು 3 ಲಕ್ಷ ಹುಳುಗಳು ದುಡಿದಿರಬೇಕು ಎಂಬ ಲೆಕ್ಕವಿದೆ. ಸಂಸ್ಕೃತದ ‘ಲಾಕ್ಷಾ’ ಎಂಬ ಹೆಸರೂ ಲಕ್ಷದಿಂದಲೇ ಬಂದದ್ದು ಎನ್ನುವವರಿದ್ದಾರೆ, ಪಂಡಿತರು ಒಪ್ಪುತ್ತಾರೋ ಇಲ್ಲವೋ. ನಮ್ಮಲ್ಲಿ ಹೆಚ್ಚಾಗಿ ಬರುವುದು ಜಾರ್ಖಂಡ್ ಕಡೆಯಿಂದ. ಅಜ್ಜಂದಿರು ಕೇಳಿದ ಗ್ರಾಮಫೋನ್ ತಟ್ಟೆಗಳೂ ಇದರವೇ, ಪ್ಲಾಸ್ಟಿಕ್ ತಟ್ಟೆ ಬರುವವರೆಗೆ. ಕೈಜಾರಿದರೆ ಒಡೆಯುತ್ತಿದ್ದದ್ದು ಅದಕ್ಕೇ.

ಮೇಸ್ತ್ರಿ ಒಂದು ಹಿಡಿ ಹತ್ತಿಯನ್ನು ತೊಳೆದು ತೊಳೆದು ಮೆತ್ತಗಾದ ಪಂಚೆಯ ತುಂಡಿನಲ್ಲಿ ಸುತ್ತಿ, ಬಾಲ ತಿರುಚಿ, ಅಂಗೈಗೆ ಕೂರುವ ಗುಂಡಿ ಮಾಡಿಕೊಂಡರು. ಬಟ್ಟೆ ಬಿಚ್ಚಿ ಪಾಲಿಶನ್ನು ಹತ್ತಿಗೆ ಕುಡಿಸಿದರು, ಮತ್ತೆ ಕಟ್ಟಿದರು. ಹೊರಗಿನ ಬಟ್ಟೆಗೆ ಬೆರಳ ತುದಿಯಿಂದ ಒಂದೇ ಹನಿ ಎಣ್ಣೆ. ಆಮೇಲೆ ಮೇಜಿನ ಅಂಚಿನ ಹೊರಗಿನಿಂದಲೇ ಕೈ ಚಲಿಸುತ್ತ ಬಂದು, ಮೇಜನ್ನು ಸವರಿ, ನಿಲ್ಲದೆ ಆಚೆ ಅಂಚಿನಿಂದ ದಾಟಿಹೋಯಿತು. ಮತ್ತೆ ಬಂತು, ಹೋಯಿತು. ಆಮೇಲೆ ಸುತ್ತು, ಆಮೇಲೆ ಇಂಗ್ಲಿಷ್ ಎಂಟರ ಆಕಾರ. ಎಲ್ಲಿ ನೋಡಿದ್ದೇನೆ ಇದನ್ನು ಎಂದು ಯೋಚಿಸುತ್ತಿದ್ದೆ. ಹೊಳೆಯಿತು: ಹಂಚಿನ ಮೇಲೆ ಹಾಕಿದ ಜೋಳದ ರೊಟ್ಟಿಗೆ ಅವ್ವ ಒದ್ದೆ ಬಟ್ಟೆ ಸವರುವ ಕೈ. ಅಲ್ಲೂ ನಿಂತರೆ ಬಟ್ಟೆ ಅಂಟುತ್ತದೆ, ತಡೆದರೆ ರೊಟ್ಟಿ ಹರಿಯುತ್ತದೆ. ಹೇಳಿದೆ. ಮೇಸ್ತ್ರಿಗೆ ಈ ಹೋಲಿಕೆ ಹಿಡಿಸಿತೋ ಇಲ್ಲವೋ. ‘ರೊಟ್ಟಿ ಕೆಟ್ರ ಎಮ್ಮಿಗೆ ಹಾಕಬೋದು’ ಅಂದರು, ಕೈ ನಿಲ್ಲಿಸದೆ.

ಗುಂಡಿ ಹೋದ ಹಾದಿಯಲ್ಲಿ ಉಸಿರು ಬಿಟ್ಟ ಕನ್ನಡಿಯಂತೆ ತೆಳು ಮಂಜು ಮೂಡಿ, ಕ್ಷಣದಲ್ಲಿ ಆರುತ್ತಿತ್ತು. ಸ್ಪಿರಿಟ್ ಹಾರುವ ಗುರುತು ಅದು. ಒಂದು ಕೈಗೂ ಇನ್ನೊಂದಕ್ಕೂ ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ. ಹನ್ನೆರಡನೆಯದೋ ಹದಿಮೂರನೆಯದೋ ಇರಬೇಕು, ಮೇಲಿನ ತಗಡಿನ ತೂತಿನಿಂದ ಬಿದ್ದ ಬೆಳಕಿನ ಚುಕ್ಕೆ ಮೇಜಿನೊಳಗೆ ಇಳಿದು ಕೂತಿತು. ಮೇಲೆ ಅಲ್ಲ, ಒಳಗೆ. ಅಲ್ಲಿಯವರೆಗೆ ಮರದ ಮೇಲೆ ಹೊಳಪಿತ್ತು, ಅಲ್ಲಿಂದ ಮುಂದೆ ಮರವೇ ಆಳವಾಯಿತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುತ್ತಿಲ್ಲ.

ಇಷ್ಟು ಮಾಡಿದ ಪಾಲಿಶ್ ಬಿಸಿ ಚಹಾದ ಲೋಟಕ್ಕೆ ಸೋಲುತ್ತದೆ. ಇಟ್ಟೆಡೆ ಬಿಳಿ ಉಂಗುರ. ಸೆಂಟು ಚೆಲ್ಲಿದರೂ ಕಲೆ, ಅದರಲ್ಲಿರುವುದೂ ಆಲ್ಕೋಹಾಲೇ. ಆದರೆ ಕೆಟ್ಟಷ್ಟೇ ಸುಲಭವಾಗಿ ಸರಿಯಾಗುತ್ತದೆ: ಸ್ಪಿರಿಟ್ಟಿನ ಪಸೆ ಮಾತ್ರ ಇರುವ ಗುಂಡಿಯಿಂದ ಆ ಜಾಗವನ್ನು ಸರಕ್ಕನೆ ಸವರಿದರೆ ಹಳೆ ಅರಗೇ ಕರಗಿ ಮತ್ತೆ ಕೂಡಿಕೊಳ್ಳುತ್ತದೆ, ಉಂಗುರ ಮಾಯ. ಹೊಸ ಪಿಯು ಲೋಟಕ್ಕೆ ಜಗ್ಗುವುದಿಲ್ಲ. ಆದರೆ ಒಂದು ಸಲ ಗೀರಿದರೆ ಆ ಹಲಗೆಯನ್ನೇ ಪೂರ್ತಿ ಮಾಡಬೇಕು. ನನ್ನ ಮನೆಗಾದರೆ ನಾನು ಅರಗನ್ನೇ ಆರಿಸುತ್ತೇನೆ. ಮಕ್ಕಳಿರುವ ಮನೆಯವರು ಒಪ್ಪಲಾರರು.

ಸ್ಪ್ರೇ ಮಾಡುವ ಕೋಣೆಯನ್ನು ಬಾಗಿಲಿನಿಂದಲೇ ನೋಡಿದೆ. ಕಣ್ಣು ಉರಿಯಿತು. ಹೊಟ್ಟೆ ತುಂಬಿಸುವ ಕೆಲಸ ಅದೇ. ಹೊಸ ಮನೆಗಳ ಬಾಗಿಲು, ಟಿವಿ ಕಪಾಟು, ಅಡುಗೆಮನೆಯ ಶಟರ್. ಕೈ ಪಾಲಿಶಿಗೆ ದಿನವಿಡೀ ಹಿಡಿಯುವುದು ಇಲ್ಲಿ ಅರ್ಧ ಗಂಟೆ. ಗನ್ ಹಿಡಿದ ಯುವಕರಿಗೆ ಅರಗಿನ ಕೆಲಸ ಬರುವುದಿಲ್ಲ, ಬೇಕೂ ಇಲ್ಲ. ಅವರನ್ನು ದೂರುವುದು ಹೇಗೆ?

ಹಿತ್ತಲಿಗೆ ಬಂದಾಗ ತಂತಿಯ ಮೇಲೆ ಚಿಂದಿ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಒಣಹಾಕಿದ್ದು ಕಂಡಿತು, ಕೂಸಿನ ಬಟ್ಟೆಯಷ್ಟು ಜೋಪಾನವಾಗಿ. ಇಷ್ಟು ಹೊಲಸು ಚಿಂದಿಗೆ ಇಷ್ಟು ಮರ್ಯಾದೆ ಯಾಕೆ? ಅವು ಅಗಸೆ ಎಣ್ಣೆ ಒರೆಸಿದವು. ಅಗಸೆ ಎಣ್ಣೆ ಆರುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಕೂಡಿಕೊಂಡು ಗಟ್ಟಿಯಾಗಿ. ಆಗ ಬಿಸಿ ಹುಟ್ಟುತ್ತದೆ. ಹರವಿದ ಬಟ್ಟೆಯಲ್ಲಿ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೇ ಕೂಡಿ ಕೂಡಿ, ಕಡ್ಡಿ ಗೀರುವವರಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಸ್ಪಿರಿಟ್, ಥಿನ್ನರ್ ಡಬ್ಬಿ ಇರುವ ಜಾಗ ಬೇರೆ. ಹೊಸ ಹುಡುಗ ಬಂದರೆ ಮೊದಲ ವಾರ ಕಲಿಯುವುದು ಚಿಂದಿ ಹರವುವುದನ್ನಂತೆ. ಅರಗಿನ ಮನೆಯ ಮಾತು ಮತ್ತೆ ನೆನಪಾಯಿತು. ಹೇಳಲಿಲ್ಲ.

ಶೆಡ್ಡಿನ ಕೊನೆಯ ಮೂಲೆಯಲ್ಲಿ, ಗೋಣಿಚೀಲ ಹೊದಿಸಿದ ಏನೋ ಇತ್ತು. ಮೇಸ್ತ್ರಿ ಚೀಲ ಸರಿಸಿದರು. ಬಣ್ಣದ ತೊಟ್ಟಿಲು. ಕೆಂಪು ಮೈ, ಹಳದಿ ಬಳ್ಳಿ, ಪಟ್ಟಿಗಳ ಮೇಲೆ ಬೆರಳುದ್ದದ ದೇವರುಗಳು, ಗಿಳಿಗಳು. ತೊಟ್ಟಿಲು ಮಠವೇ ಇರುವ ಊರಿನಲ್ಲಿ ತೊಟ್ಟಿಲು ಕಾಣುವುದು ಹೊಸತಲ್ಲ, ಆದರೆ ಇದು ಇಲ್ಲಿನದಲ್ಲ. ಧಾರವಾಡ ಜಿಲ್ಲೆಯ ಕಲಘಟಗಿಯ ಕೆಲಸ ಎಂದು ನನಗೂ ಅನಿಸಿತು, ಅವರೂ ಹಾಗೇ ಎಂದರು. ಮೊಮ್ಮಗನ ತೊಟ್ಟಿಲು ಶಾಸ್ತ್ರಕ್ಕೆ ‘ಹೊಸಾದು ಮಾಡಿಕೊಡಿ’ ಎಂದು ಹಡಗಲಿ ಕಡೆಯವರು ತಂದಿಟ್ಟು ಹೋಗಿ ಎರಡು ತಿಂಗಳಾಗಿದೆ.

ಮೇಸ್ತ್ರಿ ಅದಕ್ಕೆ ಒಣಬಟ್ಟೆಯನ್ನು ಬಿಟ್ಟು ಬೇರೇನನ್ನೂ ಮುಟ್ಟಿಸಿಲ್ಲ. ಕಲಘಟಗಿಯ ತೊಟ್ಟಿಲಿನ ಬಣ್ಣ ಅರಗಿನದು. ಬಿಸಿ ಮಾಡಿ ಹಿಡಿಸಿ, ಎಲೆಯಿಂದ ತಿಕ್ಕಿ ಹೊಳಪು ತರುವಂಥದ್ದು, ಚನ್ನಪಟ್ಟಣದ ಗೊಂಬೆಯ ನೆಂಟ. ‘ಇದಕ್ಕ ನಮ್ಮ ಪಾಲಿಶ್ ಹಚ್ಚಿದ್ರ ಏನಾಕ್ಕೈತಿ ಹೇಳ್ರಿ’ ಎಂದು ನನ್ನನ್ನೇ ಕೇಳಿದರು. ಬೆಳಗಿನಿಂದ ಕಲಿತದ್ದರ ಪರೀಕ್ಷೆ. ಪಾಲಿಶಿನಲ್ಲಿ ಸ್ಪಿರಿಟ್ ಇದೆ, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ‘ದೇವರು, ಗಿಳಿ ಎಲ್ಲ ಕಲಸಿಹೋಗುತ್ತದೆ’ ಎಂದೆ. ತಲೆಯಾಡಿಸಿದರು. ಮನೆಯವರಿಗೆ ಮೂರು ಸಲ ಹೇಳಿದ್ದಾರೆ. ಅವರು ‘ಕೂಲಿ ಹೆಚ್ಚು ಕೊಡ್ತೀವಿ’ ಅನ್ನುತ್ತಾರೆ. ಕೂಲಿಯ ಮಾತಲ್ಲ ಅದು.

ಇನ್ನು ನನ್ನ ಪೆಟ್ಟಿಗೆ. ಚೀಲದಿಂದ ತೆಗೆದು ಕೊಟ್ಟೆ, ನೀಲಿಯ ಕಥೆಯನ್ನೂ ಒಪ್ಪಿಸಿದೆ. ಮೇಸ್ತ್ರಿ ಪೆಟ್ಟಿಗೆಯನ್ನು ಬೋರಲು ಮಾಡಿ, ತಳದ ಮೂಲೆಯಲ್ಲಿ ನಾಲ್ಕಾಣೆ ಇಟ್ಟು ಗೀಚಿ, ಕೆರೆಯಲು ಕೂತರು. ಆಕಾಶನೀಲಿ ಸುಲಿದು ಬಂತು. ಅದರ ಕೆಳಗೆ ಮರ ಇರಲಿಲ್ಲ, ಹಸಿರು ಇತ್ತು.

ಬಾಲ್ಯದ ಮಹಾಪರಾಧವೆಂದು ಮೂವತ್ತು ವರ್ಷ ಹೊತ್ತದ್ದು ಮೊದಲ ಅಪರಾಧವೇ ಅಲ್ಲ! ನನಗಿಂತ ಮುಂಚೆ ಇನ್ಯಾರೋ ಬಳಿದಿದ್ದಾರೆ. ನಗು ಬಂತು, ಸಣ್ಣ ನಿರಾಸೆಯೂ ಆಯಿತು. ಹಸಿರಿನ ಕೆಳಗೆ ಕೆಂಗಂದು ಮರ ಕಾಣುತ್ತಿತ್ತು. ಕೂಡ್ಲಿಗಿಯಲ್ಲಿರುವ ಅತ್ತೆಗೆ ಅಲ್ಲಿಂದಲೇ ಫೋನ್ ಮಾಡಿದೆ. ಆ ಮನೆಯಲ್ಲಿ ಬೆಳೆದವರಲ್ಲಿ ಈಗ ಉಳಿದಿರುವವಳು ಅವಳೊಬ್ಬಳೇ.

‘ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಗೆ ಹಸಿರು ಬಣ್ಣ ಯಾರು ಹೊಡೆದಿದ್ದು?’

‘ಹಸಿರಾ?’ ಅತ್ತೆ ಯೋಚಿಸಿದಳು. ‘ಅದು ಕೆಂಪಿತ್ತಲ್ಲೋ?’

ಸ್ಪೀಕರಿನಲ್ಲಿ ಮೇಸ್ತ್ರಿಗೂ ಕೇಳಿಸಿತು. ಕೆರೆಯುವ ಪಟ್ಟಿಯನ್ನು ನಿಲ್ಲಿಸಿ, ಪೆಟ್ಟಿಗೆಯನ್ನು ತಗಡಿನ ತೂತಿನ ಬೆಳಕಿಗೆ ಹಿಡಿದು, ನಾವಿಬ್ಬರೂ ಮರವೆಂದುಕೊಂಡಿದ್ದ ಆ ಕೆಂಗಂದನ್ನು ನೋಡಿದರು. ಹತ್ತಿಯ ಎಳೆಯೊಂದನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹಿಂಡಿ, ಕಿಟಕಿಯ ನಡುವೆ ಒತ್ತಿ ಹಿಡಿದರು. ಹತ್ತರವರೆಗೆ ಎಣಿಸುವಷ್ಟು ಹೊತ್ತು. ಎತ್ತಿದಾಗ ಹತ್ತಿಯ ತುದಿ ಕುಂಕುಮ ತಾಗಿದಂತೆ ಕೆಂಪಾಗಿತ್ತು.

ಅವರು ಪಟ್ಟಿಯನ್ನು ಒರೆಸಿ ಡಬ್ಬಿಯೊಳಗೆ ಹಾಕಿದರು. ಒಂದು ರಟ್ಟಿನ ಚೀಟಿಯ ಮೇಲೆ ನನ್ನೂರಿನ ಹೆಸರು ಬರೆದು ಪೆಟ್ಟಿಗೆಯ ಹಿಡಿಗೆ ಕಟ್ಟಿದರು. ಆಮೇಲೆ ಗೋಣಿಚೀಲ ಸರಿಸಿ, ತೊಟ್ಟಿಲಿನ ಪಕ್ಕಕ್ಕೆ ಇಟ್ಟರು.